ಎಸೆದ ಆಹಾರವೂ ಅನರ್ಥದಂಡವೂ



ಸ್ವಂತ ಹಣದಿಂದ ಕೊಂಡ ಆಹಾರವನ್ನು ಎಸೆಯುವ ಅಧಿಕಾರ ನಮಗುಂಟೇ? ವ್ಯಾಪಾರದ ಖಾತೆಯಲ್ಲಿ ಅದು ಕೇವಲ ನಷ್ಟ. ಧರ್ಮದ ದೃಷ್ಟಿಯಲ್ಲಿ ಹಿಂಸೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕಡಿಯುವುದು ಇವನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದೊಳಗೆ ಎಣಿಸಿದ್ದಾರೆ. ಧಾನ್ಯ, ಕಾಯಿಪಲ್ಯ ಬೆಳೆಯಲು ಈ ಮೂರೂ ನಡೆದಿರುತ್ತವೆ. ಉಂಡರೆ ಅದಕ್ಕೊಂದು ಅರ್ಥವುಂಟು. ಎಸೆದರೆ ಎಲ್ಲವೂ ಅನರ್ಥವೇ.

ಫ್ರಾನ್ಸ್ ದೇಶವು 2016ರಲ್ಲಿ ಕಾನೂನು ಮಾಡಿ, 400 ಚದರ ಮೀಟರಿಗಿಂತ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಮಾರಾಟವಾಗದೆ ಉಳಿದ, ತಿನ್ನಲು ಯೋಗ್ಯವಾದ ಆಹಾರವನ್ನು ಕೆಡಿಸಬಾರದು, ದಾನಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕು ಎಂದು ವಿಧಿಸಿತು. ಇದು ಸ್ತುತ್ಯವೇ. ಆದರೆ ದೋಷವೆಲ್ಲ ಅಂಗಡಿಯವರದಲ್ಲ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ ಸಿಪ್ಪೆ, ಬೀಜ ಸೇರಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಸೇರಿತು. ಅದರಲ್ಲಿ ಅಂಗಡಿಗಳ ಪಾಲು ಶೇ. 12, ಮನೆಗಳದು ಶೇ. 60.

ಆದುದರಿಂದ ವ್ಯಾಪಾರಿಗಳು ಅವಧಿ ಮುಗಿಯುವ ಮೊದಲೇ ದಾನ ಮಾಡಲಿ. ಕೆಟ್ಟ ಮೇಲೆ ಕೊಟ್ಟದ್ದು ಆಹಾರದಾನವೆನಿಸದು. ಶ್ರಾವಕ-ಶ್ರಾವಿಕೆಯರು ‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕಕ್ಕೆ ಮರುಳಾಗದೆ ಪರಿಮಾಣವರಿತು ಕೊಳ್ಳಲಿ. ಮನೆಯ ಉಗ್ರಾಣಕ್ಕೆ ಕಾನೂನಿನ ಕಾವಲಿಲ್ಲ. ಅಲ್ಲಿ ವ್ರತವೇ ಕಾವಲು.

ಜೈ ಜಿನೇಂದ್ರ.