ಬೂದಿಯಲ್ಲಿ ಗೊರಸಿನ ಗುರುತು

ಮುಂಗಾರಿಗೆ ಮುಂಚೆ ರಾಯಚೂರು ಸೀಮೆಯ ಬಾಗಲವಾಡದ ಕಡೆ ತಿಪ್ಪಿ ಅಗೆದು ಹೊಲಕ್ಕೆ ಗೊಬ್ಬರ ಹೊಡೆಯುತ್ತಾರೆ. ವರ್ಷವಿಡೀ ಕೂಡಿಟ್ಟ ಹೆಂಡಿ, ಕಸ, ಒಲೆಯ ಬೂದಿ ಎಲ್ಲ ಅದರಲ್ಲಿ. ಅಂಥ ತಿಪ್ಪಿಗೆ ಯಾರಾದರೂ ಬೇಕಂತಲೇ ಬೆಂಕಿ ಇಟ್ಟರೆ ಊರಿನವರು ಅವರ ತಲೆ ಕೆಟ್ಟಿದೆ ಅಂದಾರು. ಇದೇ ಸೀಮೆಯಲ್ಲಿ ಸುಮಾರು 5,000 ವರ್ಷಗಳ ಹಿಂದೆ ಜನ ಅದನ್ನೇ ಮಾಡಿದರು, ಅದೂ ತಲೆಮಾರುಗಟ್ಟಲೆ. ಅವರು ಸುಟ್ಟ ಸಗಣಿಯ ರಾಶಿಗಳೇ ಈಗಿನ ಬೂದಿದಿಬ್ಬಗಳು. ನಾಗರಿಕತೆ ಎಂದರೇನು ಎಂದು ಯೋಚಿಸಲು ಕೂತಾಗ ನನಗೆ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಈ ದಿಬ್ಬಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ.

‘ನಾಗರಿಕತೆ’ ಎಂಬ ಪದದ ಹೊಟ್ಟೆಯಲ್ಲೇ ನಗರ ಕೂತಿದೆ. ವಾತ್ಸ್ಯಾಯನನ ನಾಗರಕ ಪಟ್ಟಣದ ರಸಿಕ. ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಎನ್ನುವುದು ಒಂದು ಕಾವ್ಯದೋಷ. ಹಳ್ಳಿಯವನಾಗಿರುವುದೇ ತಪ್ಪು ಎಂಬ ತೀರ್ಪನ್ನು ಭಾಷೆ ಮೊದಲೇ ಕೊಟ್ಟುಬಿಟ್ಟಿದೆ. ನಿಜಾಮರ ಕಾಲದಿಂದ ರಾಯಚೂರಿನವರ ಬಾಯಲ್ಲಿರುವ ‘ತಹಜೀಬ್’ ಎಂಬ ಮಾತಿನ ಮೂಲದಲ್ಲಿ ನಗರವಿಲ್ಲ, ಸವರಿ ತಿದ್ದುವ ಕೆಲಸವಿದೆ. ಆದರೆ ಪಠ್ಯಪುಸ್ತಕಗಳಲ್ಲಿ ಗೆದ್ದದ್ದು ನಗರವೇ.

ಗೆಲ್ಲಿಸಿದವರಲ್ಲಿ ಮುಖ್ಯರು ಇಬ್ಬರು. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1877ರಲ್ಲಿ ಮನುಕುಲಕ್ಕೆ ಮೂರು ಮೆಟ್ಟಿಲು ಕಟ್ಟಿದ: ಕಾಡುತನ, ಅನಾಗರಿಕತೆ, ನಾಗರಿಕತೆ. ಕೊನೆಯ ಮೆಟ್ಟಿಲು ಹತ್ತಬೇಕಾದರೆ ಬರಹ ಬೇಕು. ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ಹತ್ತು ಲಕ್ಷಣಗಳನ್ನು ಕೊಟ್ಟ. ದೊಡ್ಡ ಊರು, ತೆರಿಗೆ, ಭಾರೀ ಕಟ್ಟಡ, ಲಿಪಿ ಇತ್ಯಾದಿ. ಹತ್ತನ್ನೂ ಬಾಯಿಪಾಠ ಮಾಡಬೇಕಿಲ್ಲ. ಎಲ್ಲದರ ಬೇರು ಒಂದೇ, ಮಿಗುತೆ. ಉಂಡು ಮಿಕ್ಕ ಕಾಳು ಒಂದು ಕಡೆ ಸೇರಿದರೆ, ಉಳದೆಯೂ ಉಣ್ಣುವ ಅರ್ಚಕ, ಅಕ್ಕಸಾಲಿಗ, ಲೆಕ್ಕಿಗ, ಅರಸ ಹುಟ್ಟುತ್ತಾರೆ. ಉರುಕ್ ಪಟ್ಟಣದಲ್ಲಿ ಸಿಕ್ಕ ಕ್ರಿ.ಪೂ. 3200ರ ಸುಮಾರಿನ ಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಕಾವ್ಯವಲ್ಲ, ಲೆಕ್ಕಪತ್ರ.

ಉರುಕ್ ಇದ್ದ ನಾಡಿಗೆ ಗ್ರೀಕರು ಕೊಟ್ಟ ಹೆಸರು ಮೆಸಪಟೋಮಿಯಾ, ಅಂದರೆ ಎರಡು ನದಿಗಳ ನಡುವಿನ ನೆಲ. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಸೀಮೆಗೆ ಶಾಸನಗಳು ಎಡೆದೊರೆ ಎನ್ನುತ್ತವೆ. ಆಮೇಲೆ ಬಂದ ಫಾರಸಿ ಹೆಸರು ದೋಆಬ್. ಅರ್ಥ ಅದೇ. ಹೆಸರು ಒಂದೇ ಆದರೂ ಹಣೆಬರಹ ಬೇರೆ. ಅಲ್ಲಿ ಉಗ್ರಾಣ ಎದ್ದವು, ಇಲ್ಲಿ ಬೂದಿ ಎದ್ದಿತು.

ಆ ಬೂದಿ ಏನೆಂಬುದೇ ಬಹುಕಾಲ ಜಗಳದ ವಿಷಯವಾಗಿತ್ತು. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಅದು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಜ್ವಾಲಾಮುಖಿ ಎಂದವರೂ ಇದ್ದರು. ದನದ ಸಗಣಿ ಎಂದು 19ನೇ ಶತಮಾನದಲ್ಲಿ ಪಟ್ಟು ಹಿಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ದೋಆಬಿನ ಪೂರ್ವ ತುದಿಯ ಉಟ್ನೂರಿನಲ್ಲಿ ಅಗೆದಾಗ ಸಾಕ್ಷಿ ಕಣ್ಣಿಗೇ ಬಿತ್ತು. ಕಂಬ ನೆಟ್ಟು ಕಟ್ಟಿದ ದೊಡ್ಡಿ, ಅದರೊಳಗೆ ಪದರ ಪದರವಾಗಿ ಬೂದಿ, ಬೂದಿಯಲ್ಲಿ ದನಗಳ ಗೊರಸಿನ ಗುರುತು. ಸುಟ್ಟಿದ್ದಾರೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದ್ದಾರೆ. ಕೆಲವು ಕಡೆ ಕಾವು ಎಷ್ಟಿತ್ತೆಂದರೆ ಬೂದಿ ಕರಗಿ ಕಿಟ್ಟವಾಗಿದೆ. ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಗೊತ್ತಾಗಿವೆ.

ಈ ದಿಬ್ಬಗಳ ಜನ ಬರೀ ಅಲೆಮಾರಿಗಳಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದಾಗ ದಿಬ್ಬದ ಪಕ್ಕದಲ್ಲೇ ಜನ ಬಾಳಿದ ನೆಲೆ ಸಿಕ್ಕಿತು. ಈ ಕಾಲದ ದಕ್ಷಿಣದ ನೆಲೆಗಳಲ್ಲಿ ಸಿಕ್ಕ ಕರಕಲು ಕಾಳುಗಳು ಕೊರಲೆ, ಹುರಳಿ, ಹೆಸರು. ಮುದಗಲ್ ಬಳಿಯ ಪಿಕ್ಲಿಹಾಳದ ಬಂಡೆಗಳ ಮೇಲೆ ಹಿಣಿಲಿನ ಗೂಳಿಗಳನ್ನು ಮೂಡಿಸಿದ್ದಾರೆ. ಇದೇ ಹೊತ್ತಿಗೆ ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಚರಂಡಿ ಹರಿಯುತ್ತಿತ್ತು.

ಇಲ್ಲಿ ಅಂಥ ಪಟ್ಟಣ ಏಳಲಿಲ್ಲ ಎಂದರೆ ಎಡೆದೊರೆಯವರಿಗೆ ಮಿಗುತೆ ಇರಲಿಲ್ಲವೆ? ಇತ್ತು, ನಾಲ್ಕು ಕಾಲಿನ ಮೇಲೆ ನಿಂತಿತ್ತು. ರಾಜ್ಯಶಾಸ್ತ್ರಜ್ಞ ಜೇಮ್ಸ್ ಸ್ಕಾಟ್ 2017ರ ತಮ್ಮ ಪುಸ್ತಕದಲ್ಲಿ ಹೇಳುವ ಮಾತು ಇಲ್ಲಿ ಹೊಂದುತ್ತದೆ: ಗೋದಿ, ಜವೆಗೋದಿಯ ಬೆಳೆ ಒಂದೇ ಸಲ ಮಾಗುತ್ತದೆ, ಎಲ್ಲರ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು, ಕೂಡಿಡಬಹುದು. ಹಾಗಾಗಿ ಕಂದಾಯದವನು ಕಣಕ್ಕೆ ಬಂದು ನಿಲ್ಲಬಹುದು. ದನ ಹಾಗಲ್ಲ. ಅರಸ ಬರುವಷ್ಟರಲ್ಲಿ ಹೊಡೆದುಕೊಂಡು ಹೊಳೆ ದಾಟಬಹುದು. ಚೈಲ್ಡ್‌ನ ಪಟ್ಟಿ ಅಳೆಯುವುದು ಬೀಗ ಹಾಕಲು ಬರುವ ಮಿಗುತೆಯನ್ನು ಮಾತ್ರ ಎಂದು ನನಗನ್ನಿಸುತ್ತದೆ.

ಸಗಣಿ ಸುಟ್ಟದ್ದು ಯಾಕೆ? ಋತು ತಿರುಗುವಾಗಿನ ಹಬ್ಬದ ಬೆಂಕಿ ಎಂದು ಆಲ್ಚಿನ್ ಊಹಿಸಿದರು, ಹೋಳಿಯನ್ನು ನೆನೆದರು. ನೊಣ, ಉಣ್ಣೆ, ದನದ ಬ್ಯಾನಿ ತೊಲಗಿಸಲು ಎಂದರೂ ಒಪ್ಪಬಹುದು. ನಮ್ಮಲ್ಲಿ ಹಬ್ಬಕ್ಕೂ ಶುಚಿಗೂ ಯಾವತ್ತೂ ಅಷ್ಟು ದೂರವಿಲ್ಲ. ಏನೇ ಇರಲಿ, ವರ್ಷಗಟ್ಟಲೆ ಕೂಡಿಹಾಕಿ, ದಿನ ಗೊತ್ತು ಮಾಡಿ, ನಾಲ್ಕು ಕಡೆಯ ಜನ ಸೇರಿ ಒಂದು ಕೆಲಸ ಮಾಡಬೇಕಾದರೆ ನೆನಪು, ಒಪ್ಪಂದ, ಹಿರಿಯರ ಮಾತಿಗೆ ಕಿಮ್ಮತ್ತು ಇವೆಲ್ಲ ಬೇಕು. ಮಾರ್ಗನ್ನನ ಮೆಟ್ಟಿಲಿನಲ್ಲಿ ಇವಕ್ಕೆ ಜಾಗವಿಲ್ಲ.

ಬರಹ ಕೊನೆಗೂ ಬಂತು, ಕ್ರಿ.ಪೂ. 3ನೇ ಶತಮಾನದಲ್ಲಿ, ಮೌರ್ಯರ ಆಳ್ವಿಕೆಯ ಜೊತೆಗೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯ ಬಂಡೆಯಲ್ಲಿ ಆ ಕಾಲದ ಒಂದು ಶಾಸನ ಸಿಕ್ಕಿತು. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಯಾರೆಂದು ಅಶೋಕನ ಹೆಸರು ಹಿಡಿದು ಹೇಳಿ ಅದು ಹೆಸರುವಾಸಿಯಾಯಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬುದು ಅದರ ತಿರುಳು. ಅದನ್ನು ಕೆತ್ತುವ ಹೊತ್ತಿಗೆ ಈ ನೆಲದಲ್ಲಿ ದನ ಕಾಯುವ ಬದುಕಿಗೆ ಎರಡು ಸಾವಿರ ವರ್ಷ ಮೀರಿತ್ತು.

ಈಗ ಬೂದಿದಿಬ್ಬಗಳು ಕರಗುತ್ತಿವೆ. ಹೊಲ ಹಿಗ್ಗಿಸಲು ಕೆಲವನ್ನು ಸಪಾಟು ಮಾಡಿದ್ದಾರೆ. ಕೆಲವುಗಳ ಬೂದಿಯನ್ನು ಗೊಬ್ಬರವೆಂದು ತುಂಬಿಕೊಂಡು ಹೋಗಿ ಹೊಲಕ್ಕೆ ಚೆಲ್ಲಿದ್ದಾರೆ.