ಬಿಳಿ ಗುರುತು

ಕಳೆದ ಬೇಸಿಗೆಯಲ್ಲಿ ಗುಂಡ್ಲುಪೇಟೆಯ ಒಂದು ಗ್ಯಾರೇಜಿನಲ್ಲಿ ನಾನೊಂದು ಸುಳ್ಳು ಹೇಳಿದೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಎಂಟು ನಟ್ಟುಗಳ ಮೇಲೆ ಬಿಳಿ ಬಣ್ಣ ಹಚ್ಚಿದೆ, ಅಷ್ಟೆ. ಅದು ಸುಳ್ಳು ಎಂದು ನನಗೇ ತಿಳಿಯಲು ಒಂದು ದಿನ ಹಿಡಿಯಿತು.

ತೆರಕಣಾಂಬಿ ಹತ್ತಿರದ ನಮ್ಮೂರಿನಲ್ಲಿ ದೊಡ್ಡಪ್ಪನ ಬಳಿ ಒಂದು ಹಳೆಯ ಮಹೀಂದ್ರ ಸಿಜೆ-3ಬಿ ಜೀಪ್ ಇದೆ. ಮಹೀಂದ್ರದವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. 1953ರಲ್ಲಿ ಅಲ್ಲಿ ಬಂದ 3ಬಿ ಮಾದರಿ ಆಮೇಲೆ ಇಲ್ಲಿ ದಶಕಗಳ ಕಾಲ ತಯಾರಾಯಿತು. ಅದರ ಬಾನೆಟ್ ಅಷ್ಟು ಎತ್ತರ ಇರುವುದಕ್ಕೆ ಕಾರಣ ಒಳಗಿನ ಹರಿಕೇನ್ ಎಂಜಿನ್. ಹಿಂದಿನ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇದ್ದವು. ಇದರಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಒಳಬಿಡುವ ವಾಲ್ವುಗಳು ಹೆಡ್ಡಿಗೆ ಹತ್ತಿದವು. ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ನಮ್ಮ ಕಡೆ ಬಹಳ ಜನ ಇಂಥ ಜೀಪುಗಳಿಗೆ ಡೀಸೆಲ್ ಎಂಜಿನ್ ಹಾಕಿಸಿಬಿಟ್ಟರು. ದೊಡ್ಡಪ್ಪ ಹಾಕಿಸಲಿಲ್ಲ. ಹೊಗೆ ಜಾಸ್ತಿಯಾಗಿ, ಆಯಿಲ್ ಕುಡಿಯಲು ಶುರುವಾದಾಗ ಪೂರ್ತಿ ಎಂಜಿನ್ ಬಿಚ್ಚಿಸಿದರು. ಬ್ಲಾಕು ಚಾಮರಾಜನಗರದ ಲೇತ್ ಅಂಗಡಿಗೆ ಹೋಗಿ ಬೋರ್ ಆಗಿ ಬಂತು. ನನ್ನ ಪಿಎಚ್‌ಡಿ ಪ್ರಬಂಧ ಮೂರನೇ ಅಧ್ಯಾಯದಲ್ಲಿ ನಿಂತುಹೋಗಿತ್ತು. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಜೋಡಿಸುವ ಕೆಲಸಕ್ಕೆ ಕೈಹಾಕಿದೆ.

ನಾಲ್ಕು ಪಿಸ್ಟನ್, ನಾಲ್ಕು ಕನೆಕ್ಟಿಂಗ್ ರಾಡ್. ಪ್ರತಿ ರಾಡಿನ ಬುಡಕ್ಕೂ ಒಂದು ಕ್ಯಾಪು. ರಾಡು, ಕ್ಯಾಪು ಸೇರಿ ಕ್ರ್ಯಾಂಕನ್ನು ತಬ್ಬಿ ಹಿಡಿಯುತ್ತವೆ. ಎರಡನ್ನೂ ಒಟ್ಟಿಗೆ ಕೂಡಿಸಿಯೇ ತೂತು ಕೊರೆದಿರುವುದರಿಂದ ಒಂದರ ಕ್ಯಾಪು ಇನ್ನೊಂದಕ್ಕೆ ಆಗುವುದಿಲ್ಲ. ಅದಕ್ಕೇ ಎರಡರ ಮೇಲೂ ಒಂದೇ ನಂಬರ್ ಇರುತ್ತದೆ. ಒಂದು ಕ್ಯಾಪಿಗೆ ಎರಡು ನಟ್ಟು, ಒಟ್ಟು ಎಂಟು. ಟಾರ್ಕ್ ರೆಂಚನ್ನು ನಲವತ್ತಕ್ಕೆ ಇಟ್ಟು, ಅದು ಟಕ್ ಎನ್ನುವವರೆಗೆ ಬಿಗಿ ಮಾಡಬೇಕು. ಮೇಸ್ತ್ರಿ ಒಂದೇ ಒಂದು ನಿಯಮ ಹೇಳಿದ್ದರು: "ಬಿಗಿ ಮಾಡಿದ್ ಕೂಡ್ಲೆ ಬಿಳಿ ಬಣ್ಣ ಇಡು. ಒಂದ್ ನಟ್ಟು, ಒಂದ್ ಗುರುತು. ತಲ ನೆಚ್ಕಬ್ಯಾಡ ಕಣಪ್ಪ."

ಮೂರನೇ ರಾಡಿನ ಹೊತ್ತಿಗೆ ನನಗೆ ಫೋನ್ ಬಂತು. ಪ್ರಬಂಧ ಸಲ್ಲಿಸುವ ದಿನಾಂಕದ ವಿಚಾರ. ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದೆ, ಉಳಿದದ್ದನ್ನು ಬಿಗಿ ಮಾಡಿದೆ. ಕುಂಚ ಒಣಗುತ್ತದೆಂದು ಗುರುತು ಹಾಕುವ ಕೆಲಸವನ್ನು ಮೊದಲಿಂದಲೂ ಕೊನೆಗೆ ಬಿಟ್ಟಿದ್ದೆ; ಎಂಟಕ್ಕೂ ಒಟ್ಟಿಗೆ ಹಚ್ಚಿದೆ. ಮೇಸ್ತ್ರಿ ಬಂದು ದೀಪ ಹಿಡಿದು ನೋಡಿದರು. ಎಂಟು ಬಿಳಿ ಚುಕ್ಕೆ ಕಂಡವು. ಚೇಂಬರ್ ಮುಚ್ಚಿದರು. ಮರುದಿನ ಸಂಜೆಯ ಹೊತ್ತಿಗೆ ಎಂಜಿನ್ ಜೀಪಿನಲ್ಲಿ ಕೂತಿತ್ತು, ಆಯಿಲ್ ಸುರಿದಾಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡುವುದೆಂದು ತೀರ್ಮಾನವಾಯಿತು.

ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೇ ರಾಡಿನ ಎರಡನೇ ನಟ್ಟು. ಅದರ ಟಕ್ ಸದ್ದು ನೆನಪಿಗೆ ಬರುತ್ತಿತ್ತು. ಆದರೆ ಅದೇ ನಟ್ಟಿನದೋ, ಬೇರೆಯದೋ? ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ರಾಡೂ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ನಟ್ಟು ಸಡಿಲವಿದ್ದರೆ ಕ್ಯಾಪು ಕಳಚಿ, ರಾಡು ಬ್ಲಾಕನ್ನೇ ಒಡೆದುಕೊಂಡು ಆಚೆ ಬರಬಹುದು. ಆ ಜೀಪಿನ ಹಿಂದೆ ಟೊಮೆಟೊ ಕ್ರೇಟುಗಳ ಜೊತೆ ಚೆಂಡುಹೂ ಕೊಯ್ಯಲು ಹೋಗುವ ಹೆಂಗಸರು ಕೂರುತ್ತಾರೆ. ಅವರಲ್ಲಿ ಯಾರೂ ಎಂಜಿನ್ ಬಿಚ್ಚಿ ನೋಡಿ ಹತ್ತುವುದಿಲ್ಲ.

ನಗು ಬರುವ ಸಂಗತಿ ಎಂದರೆ ನಾನು ಓದುತ್ತಿರುವುದು ನ್ಯಾಯದರ್ಶನ. ಯಾವುದನ್ನು ತಿಳಿವು ಎನ್ನಬಹುದು, ಯಾವುದನ್ನು ಎನ್ನಬಾರದು ಎಂಬುದೇ ಅದರ ಮುಖ್ಯ ವಿಚಾರ. ನೈಯಾಯಿಕರು ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮಾಣವೆಂದು ಒಪ್ಪುವುದಿಲ್ಲ. 'ತಲೆ ನೆಚ್ಚಿಕೊಳ್ಳಬೇಡ' ಎಂದು ಮೇಸ್ತ್ರಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ನಂಬಬಹುದಾದವರ ಮಾತನ್ನು ಅವರು ಪ್ರಮಾಣವೆಂದು ಒಪ್ಪುತ್ತಾರೆ. ಅಂಥವರನ್ನು ಆಪ್ತರು ಎನ್ನುತ್ತಾರೆ. ಆಪ್ತ ಯಾರು? ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರ ಸರಳ: ವಿಷಯವನ್ನು ತಾನೇ ಕಂಡು ತಿಳಿದು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂದು ಹೇಳುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಆತ ಹೇಳುತ್ತಾನೆ. ಕುಲ, ವಿದ್ಯೆ ಯಾವುದೂ ಲೆಕ್ಕಕ್ಕಿಲ್ಲ. ಹಾಗಾದರೆ ಗ್ಯಾರೇಜಿನ ಮೇಸ್ತ್ರಿಯೂ ಆಪ್ತನೇ. ಅವರು ಇಟ್ಟ ಬಿಳಿ ಚುಕ್ಕೆ 'ಇದನ್ನು ನಾನು ನೋಡಿದ್ದೇನೆ' ಎಂಬ ಒಂದು ವಾಕ್ಯ. ನಾನು ಇಟ್ಟದ್ದೂ ನೋಡಲು ಅದೇ ವಾಕ್ಯ. ಅದರ ಹಿಂದೆ ನೋಡಿದವರು ಇರಲಿಲ್ಲ.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೈತಿಕತೆಯ ಬಗ್ಗೆ ಬರೆದ ಪ್ರಬಂಧ ಒಬ್ಬ ಹಡಗಿನ ಮಾಲೀಕನ ಕಥೆಯಿಂದ ಶುರುವಾಗುತ್ತದೆ. ಹಡಗು ಹಳತು, ರಿಪೇರಿ ಬೇಕೇನೋ ಎಂಬ ಅನುಮಾನ ಅವನಿಗಿದೆ. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆ ಹಣ ಪಡೆಯುತ್ತಾನೆ. ಕ್ಲಿಫರ್ಡ್ ಮುಂದೆ ಕೇಳುವ ಪ್ರಶ್ನೆ ಕಠಿಣವಾದದ್ದು: ಹಡಗು ಮುಳುಗದೆ ದಡ ಸೇರಿದ್ದರೆ? ಆಗಲೂ ಅವನ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ, ಸಿಕ್ಕಿಬೀಳಲಿಲ್ಲ ಅಷ್ಟೆ ಎನ್ನುತ್ತಾನೆ. ಎಂ.ಎ. ತರಗತಿಯಲ್ಲಿ ಇದನ್ನು ಓದಿದಾಗ ಅತಿಯಾಯಿತು ಅನ್ನಿಸಿತ್ತು. ಆ ರಾತ್ರಿ ಅನ್ನಿಸಲಿಲ್ಲ.

ಹಾಗಂತ ಅನುಮಾನ ಬಂದಾಗಲೆಲ್ಲ ಬಿಚ್ಚುತ್ತಾ ಕೂತರೆ ಯಾವ ಎಂಜಿನ್ನೂ ಮುಚ್ಚುವುದಿಲ್ಲ. ಇದೂ ನಿಜವೇ. ಉದಯನನಂಥ ನೈಯಾಯಿಕ ಅನುಮಾನಕ್ಕೂ ಒಂದು ಎಲ್ಲೆ ಹಾಕುತ್ತಾನೆ: ನಮ್ಮ ನಡೆಗೇ ವಿರುದ್ಧವಾಗುವ ಜಾಗದಲ್ಲಿ ಶಂಕೆ ನಿಲ್ಲಬೇಕು. ಅನ್ನ ಹಸಿವು ನೀಗಿಸುತ್ತದೋ ಇಲ್ಲವೋ ಎಂದು ಶಂಕಿಸುವವನೂ ಮಧ್ಯಾಹ್ನ ಊಟಕ್ಕೆ ಕೂರುತ್ತಾನೆ. ಮೇಸ್ತ್ರಿ ನನ್ನ ಗುರುತನ್ನು ನಂಬಿದ್ದು ತಪ್ಪಲ್ಲ. ನಂಬದೆ ಅವರ ಕೆಲಸ ಸಾಗದು. ಆದರೆ ನನ್ನ ಅನುಮಾನ ಬರೀ ಅಂಜಿಕೆಯಿಂದ ಬಂದದ್ದಲ್ಲ. ಅದಕ್ಕೆ ಕಾರಣವಿತ್ತು: ಆ ಫೋನು, ಕೊನೆಗೆ ಒಟ್ಟಿಗೆ ಹಚ್ಚಿದ ಬಣ್ಣ. ಆ ಕಾರಣ ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ನಾನು ಸುಮ್ಮನಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ ಹೇಳಿದೆ. ಮೇಸ್ತ್ರಿ ಟೀ ಕುಡಿಯುತ್ತಿದ್ದರು.

"ಬಿಗಿ ಮಾಡಿದ್ಯೋ, ಇಲ್ವೋ?"

"ಮಾಡಿರಬೇಕು ಮೇಸ್ತ್ರಿ."

"ಮಾಡಿರಬೇಕು ಅಂದ್ರ ಮಾಡಿಲ್ಲ ಅಂತ್ಲೇ ಲೆಕ್ಕ," ಎಂದು ಲೋಟ ಇಟ್ಟು ಎದ್ದರು.

ಆಯಿಲ್ ಇಳಿಸಿ, ಚೇಂಬರ್ ಬಿಚ್ಚಲು ಅರ್ಧ ದಿನ ಹಿಡಿಯಿತು. ಹೊಸ ಪ್ಯಾಕಿಂಗ್ ಹಾಳಾಯಿತು. ಜೀಪಿನ ಕೆಳಗೆ ಮಲಗಿ ರೆಂಚ್ ಹಾಕಿದೆ. ಮೂರನೇ ರಾಡಿನ ಎರಡನೇ ನಟ್ಟು ಕೂದಲೆಳೆಯಷ್ಟೂ ತಿರುಗದೆ ಟಕ್ ಎಂದಿತು. ಉಳಿದ ಏಳೂ ಹಾಗೇ. ಎಲ್ಲವೂ ಬಿಗಿಯಾಗಿದ್ದವು. ನನಗೆ ನಾಚಿಕೆಯಾಯಿತು, ಸುಮ್ಮನೆ ಅರ್ಧ ದಿನ ಹಾಳು ಮಾಡಿದೆನಲ್ಲ ಎಂದೆ. ಮೇಸ್ತ್ರಿ ಮಾತಾಡದೆ ಬಟ್ಟೆಯನ್ನು ಪೆಟ್ರೋಲಿಗೆ ಅದ್ದಿ ಎಂಟೂ ಬಿಳಿ ಚುಕ್ಕೆ ಒರೆಸಿ ಹಾಕಿದರು. ಕುಂಚ ನನ್ನ ಕೈಗೆ ಕೊಟ್ಟರು.

"ಈಗ ಹಾಕು. ರೆಂಚ್ ಇಡು, ಆಮೇಲ ಬಣ್ಣ."

ಬಿಗಿಯಾಗಿದ್ದ ನಟ್ಟಿಗೆ ಮತ್ತೆ ಯಾಕೆ ಗುರುತು ಎಂದು ನಾನು ಕೇಳಲಿಲ್ಲ. ನಟ್ಟಿನಲ್ಲಿ ದೋಷ ಇರಲಿಲ್ಲ, ಗುರುತಿನಲ್ಲಿತ್ತು. ನಾನು ಕಾಣದೆ ಹೇಳಿದ್ದು ಅದೃಷ್ಟದಿಂದ ನಿಜವಾಗಿತ್ತು, ಅಷ್ಟೆ. ಅದೃಷ್ಟದಿಂದ ನಿಜವಾದ ಮಾತನ್ನು ನಂಬಿ ಒಬ್ಬರನ್ನು ಜೀಪಿನಲ್ಲಿ ಕೂರಿಸಬಾರದು.

ಅದೇ ವಾರ ನನ್ನ ಮೂರನೇ ಅಧ್ಯಾಯ ತೆಗೆದೆ. ಅಡಿಟಿಪ್ಪಣಿ ಎಂದರೂ ಬಿಳಿ ಚುಕ್ಕೆಯೇ. ಈ ಪುಸ್ತಕವನ್ನು, ಈ ಪುಟವನ್ನು ನಾನು ನೋಡಿದ್ದೇನೆ, ನೀವು ಮತ್ತೆ ಬಿಚ್ಚಬೇಕಿಲ್ಲ ಎಂದು ಓದುವವರಿಗೆ ಕೊಡುವ ಮಾತು. ಲೆಕ್ಕ ಹಾಕಿದೆ. ಬೇರೆಯವರ ಟಿಪ್ಪಣಿ ನೋಡಿ, ಮೂಲವನ್ನು ತೆರೆಯದೆ ಬರೆದುಕೊಂಡವು 11 ಇದ್ದವು. ಸರಿಯಾಗಿಯೇ ಇರಬೇಕು. ಹನ್ನೊಂದನ್ನೂ ಅಳಿಸಿ, ಮೊದಲನೆಯದರ ಮೂಲ ಹುಡುಕಿಕೊಂಡು ಲೈಬ್ರರಿಗೆ ಹೋದೆ.