ಸ್ನಾಯು ಹಿಡಿಯದ ಮೂಳೆಗಳು

ಬೆಂಗಳೂರಿನ ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲಕ್ಕೆ ಹೆಂಗಸರು ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿ ದೀಪ ಹಚ್ಚುತ್ತಾರೆ. ಎಲ್ಲರ ಕಣ್ಣು ದೀಪದ ಮೇಲೆ. ನನ್ನದು ಹಿಂಡುವ ಮಣಿಕಟ್ಟಿನ ಮೇಲೆ.

ಅಲ್ಲಿ ಎರಡು ಸಾಲಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮುಂದೋಳಿನ ಕಡೆಯ ಸಾಲಿನ ಸ್ಕ್ಯಾಫಾಯ್ಡ್, ಲುನೇಟ್, ಟ್ರೈಕ್ವಿಟ್ರಮ್‌ಗಳಿಗೆ ಎಳೆದು ಆಡಿಸುವ ಸ್ನಾಯುವೇ ಅಂಟಿಲ್ಲ! ಸ್ನಾಯುಗಳು ಎಳೆಯುವುದು ಆಚೆಯ ಮೂಳೆಗಳನ್ನು. ಇವು ನಡುವೆ ಸಿಕ್ಕಿಕೊಂಡು, ಅಕ್ಕಪಕ್ಕದ ಒತ್ತಡಕ್ಕೂ ಮೂಳೆಗಳನ್ನು ಕಟ್ಟುವ ಲಿಗಮೆಂಟಿನ ಬಿಗಿತಕ್ಕೂ ತಕ್ಕಂತೆ ವಾಲುತ್ತವೆ. ಸ್ಕ್ಯಾಫಾಯ್ಡಿಗೆ ಮುಂದಕ್ಕೆ ಬಾಗುವ ಚಪಲ, ಟ್ರೈಕ್ವಿಟ್ರಮ್‌ಗೆ ಹಿಂದಕ್ಕೆ. ನಡುವಿನ ಲುನೇಟ್ ಎರಡನ್ನೂ ಹಿಡಿದು ನಿಂತಿರುತ್ತದೆ.

ಬಿ.ಟಿ.ಎಂ. ಲೇಔಟಿನ ಗುಂಡಿಗೆ ಸ್ಕೂಟರ್ ಇಳಿದು, ಅಂಗೈ ಊರಿ ಬಿದ್ದಾಗ ಸ್ಕ್ಯಾಫಾಯ್ಡ್-ಲುನೇಟ್ ನಡುವಿನ ಲಿಗಮೆಂಟ್ ಹರಿಯಬಹುದು. ಆಗ ಒಂದು ಮುಂದಕ್ಕೆ ಮಗುಚುತ್ತದೆ, ಇನ್ನೊಂದು ಹಿಂದಕ್ಕೆ. ವರ್ಷಗಳಲ್ಲಿ ಕೀಲು ಸವೆಯುತ್ತದೆ. ಮೊದಲ ಎಕ್ಸ್‌ರೇ ಎಷ್ಟೋ ಸಲ ಏನನ್ನೂ ಹೇಳುವುದಿಲ್ಲ. ಮುಷ್ಟಿ ಬಿಗಿದು ತೆಗೆದರಷ್ಟೇ ಎರಡು ಮೂಳೆಗಳ ನಡುವಿನ ಸಂದು ಕಾಣುವುದುಂಟು.

ಆದರೂ ಈಡುಗಾಯಿ ಒಡೆಯುವ ಕೈ ನೋಡಿ. ಹೆಬ್ಬೆರಳಿನ ಕಡೆ ಹಿಂದಕ್ಕೆ ಮಡಿದು, ಕಿರುಬೆರಳಿನ ಕಡೆ ಮುಂದಕ್ಕೆ ಬೀಸುವ ಆ ಓರೆ ಚಲನೆಯಲ್ಲಿ ಸ್ಕ್ಯಾಫಾಯ್ಡ್, ಲುನೇಟ್ ಅಲುಗುವುದು ತೀರಾ ಕಡಿಮೆ. ದುಡಿಮೆಯೆಲ್ಲ ಎರಡು ಸಾಲುಗಳ ನಡುವಿನ ಕೀಲಿನದು. ವೈದ್ಯರು ಇದಕ್ಕೆ ಡಾರ್ಟ್ ಎಸೆತದ ಹೆಸರಿಟ್ಟಿದ್ದಾರೆ. ಪೆಟ್ಟಾದ ಕೈಗೆ ವ್ಯಾಯಾಮ ಕಲಿಸುವವರು ಈ ದಿಕ್ಕನ್ನು ಬಳಸಿಕೊಳ್ಳುವುದೂ ಅದಕ್ಕೇ.

ಕೋನ ಅಳೆಯುವ ಉಪಕರಣ ಕೈ ಎಷ್ಟು ಬಾಗಿತೆಂದು ಹೇಳೀತು, ಬಾಗಿದ ಕೈಗೆ ಏನಾದೀತೆಂದು ಹೇಳದು. ಆ ಕೊರತೆ ತುಂಬಲು ಕೆನಡಾದ ಜಾಯ್ ಮ್ಯಾಕ್‌ಡರ್ಮಿಡ್ ಮತ್ತು ಸಂಗಡಿಗರು 1998ರಲ್ಲಿ 15 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು: 5 ನೋವಿನ ಬಗ್ಗೆ, 10 ಕೆಲಸದ ಬಗ್ಗೆ. ಉತ್ತರಿಸುವುದು ರೋಗಿಯೇ. ಬಾಗಿಲ ಗುಬುಟು ತಿರುಗಿಸಬಲ್ಲಿರಾ, ಅಂಗಿ ಗುಂಡಿ ಹಾಕಬಲ್ಲಿರಾ, ಚಾಕುವಿನಿಂದ ಮಾಂಸ ಕತ್ತರಿಸಬಲ್ಲಿರಾ? ಜಯನಗರದ ಸಸ್ಯಾಹಾರಿ ಅಜ್ಜಿ ಈ ಕೊನೆಯದಕ್ಕೆ ಏನು ಅಂಕ ಕೊಟ್ಟಾರು! ಅವರನ್ನು ಕೇಳಬೇಕಾದ್ದು ಒದ್ದೆ ಸೀರೆ ಹಿಂಡುವುದು, ತುರಿಮಣೆಯಲ್ಲಿ ಕಾಯಿ ತುರಿಯುವುದು, ನೆಲಕ್ಕೆ ಕೈಯೂರಿ ಏಳುವುದು.

ಬಿದ್ದು ವಾರಗಳಾದರೂ ಕೈಯೂರಿದರೆ ಚುಚ್ಚುತ್ತಿದೆಯೇ? ಎಕ್ಸ್‌ರೇ ಸರಿಯಿದೆಯೆಂದು ಸುಮ್ಮನಿರಬೇಡಿ. ಮೂಳೆ ಚಿಕಿತ್ಸೆಯ ಸಂಜಯ್ ಗಾಂಧಿ ಆಸ್ಪತ್ರೆ ಜಯನಗರದಲ್ಲೇ ಇದೆ. ಹೋದಾಗ ನೋವನ್ನಷ್ಟೇ ಹೇಳದೆ, ಯಾವ ಕೆಲಸ ಕೈತಪ್ಪಿದೆ ಎಂಬುದನ್ನೂ ಬಿಡಿಸಿ ಹೇಳಿ.